ಅವ್ವನ ಬಾವಿ ಇದೆ, ಅವ್ವನ ಹೆಸರಿಲ್ಲ. ಎಲ್ಲಿ ಹುಡುಕಲಿ?

ಪಿನಾಕಿನಿ ದಡದವಳು (ಗೌರಿಬಿದನೂರು):

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ.

ಅಪ್ಪ ತೀರಿಕೊಂಡ ಮೇಲೆ ಖಾತೆ ಬದಲಾವಣೆಗೆ ವಂಶವೃಕ್ಷ ಬೇಕಾಯಿತು. ದೊಡ್ಡಪ್ಪ ಕೂತು ಬರೆಸಿದರು. ಅಪ್ಪ, ತಾತ, ಮುತ್ತಾತ, ಅವರ ಅಣ್ಣತಮ್ಮಂದಿರು, ಎಲ್ಲರೂ ಬಂದರು. ಮದುವೆಯಾಗದೆ ಸತ್ತ ಒಬ್ಬ ಮುತ್ತಾತನ ತಮ್ಮನೂ ಇದ್ದಾನೆ. ನನ್ನ ಮುತ್ತಜ್ಜಿ ಮಾತ್ರ ಇಲ್ಲ. ಮುತ್ತಾತನ ಹೆಸರಿನ ಕೆಳಗೆ ‘ಪತ್ನಿ, ಮರಣ’ ಅಂತ ಎರಡು ಪದ. ಅಷ್ಟೇ.

ನಮ್ಮ ಮನೆಯಲ್ಲಿ ಜಾಸ್ತಿ ಕಥೆ ಇರುವುದೇ ಆ ಮುತ್ತಜ್ಜಿಯ ಬಗ್ಗೆ. ಮುತ್ತಾತ 1918ರ ಜ್ವರದಲ್ಲಿ ಹೋದರಂತೆ. ಮೂರು ಗಂಡು ಮಕ್ಕಳು, ಕೊನೆಯದು ಇನ್ನೂ ಮೊಲೆ ಬಿಟ್ಟಿರಲಿಲ್ಲ. ಅಣ್ಣತಮ್ಮಂದಿರ ಕಡೆಯವರು ಹೊಲ ಬಿಡಿಸಿಕೊಳ್ಳಲು ನೋಡಿದರಂತೆ, ಅವಳು ಬಿಡಲಿಲ್ಲವಂತೆ. ಬಾವಿ ತೋಡಿಸಿ, ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಎರಡು ಗುಂಟೆ ಭತ್ತ ಬೆಳೆದು ತೋರಿಸಿದಳಂತೆ. ಆ ಬಾವಿಗೆ ಊರೆಲ್ಲ ಇವತ್ತಿಗೂ ‘ಅವ್ವನ ಬಾವಿ’ ಅಂತಲೇ ಹೇಳುತ್ತಾರೆ. ನೀರು ಬತ್ತಿ ಎಷ್ಟೋ ವರ್ಷ ಆಯಿತು. ಈಗ ಪಾರಿವಾಳಗಳ ಮನೆ.

ಹೆಸರೇನು ಅಂತ ದೊಡ್ಡಪ್ಪನನ್ನು ಕೇಳಿದೆ. “ಅವ್ವ ಅಂತಿದ್ವಿ ಕಣಮ್ಮ. ಅವ್ವನ್ನ ಹೆಸರು ಹಿಡಿದು ಯಾರು ಕರೀತಾರೆ?” ಅಂದರು. ನನಗೆ ಆಮೇಲೆ ಮಾತೇ ಬರಲಿಲ್ಲ. ಯಾರಿಗಾದರೂ ಇಂಥ ಹುಡುಕಾಟದ ಅನುಭವ ಇದೆಯಾ? ಎಲ್ಲಿಂದ ಶುರು ಮಾಡಲಿ?

ನೇರ ಮಾತು (ಚಿಂತಾಮಣಿ):

ಮೇಡಂ, ತಪ್ಪು ತಿಳಿಯಬೇಡಿ. ಹೆಸರು ಸಿಕ್ಕಿದರೆ ಏನಾಗುತ್ತದೆ? ನೂರು ವರ್ಷದ ಹಿಂದೆ ಗಂಡಸರದ್ದೂ ಎಲ್ಲಿ ದಾಖಲೆ ಇತ್ತು? ಬಡವರ ಹೆಸರು ಯಾರೂ ಬರೆದಿಡಲಿಲ್ಲ.

ಪಿನಾಕಿನಿ ದಡದವಳು:

ಸರ್, ಮದುವೆಯಾಗದೆ ಸತ್ತವನ ಹೆಸರು ನಮ್ಮ ದೊಡ್ಡಪ್ಪನಿಗೆ ಬಾಯಿಪಾಠ ಇದೆ. ಮೂರು ಮಕ್ಕಳನ್ನು ಸಾಕಿದವಳದ್ದು ಇಲ್ಲ. ಬಡತನಕ್ಕೆ ಅಷ್ಟು ಲೆಕ್ಕಾಚಾರ ಗೊತ್ತಿರುತ್ತದೆ ಅಂತ ನನಗನಿಸುವುದಿಲ್ಲ.

ಬಿಕ್ಕಲಂ (ತುಮಕೂರು):

ಅಮ್ಮಾ, ನಾನು ಜಮೀನಿನ ಪತ್ರ ಬರೆಯುವವನು. ತುಮಕೂರು, ಗುಬ್ಬಿ, ಕುಣಿಗಲ್ ಕಡೆಯ ಹಳೇ ಪತ್ರಗಳನ್ನು ಮೂವತ್ತು ವರ್ಷಕ್ಕಿಂತ ಜಾಸ್ತಿ ಕಾಲ ಓದಿದ್ದೇನೆ. ನಿಮ್ಮ ಪ್ರಶ್ನೆ ನೋಡಿ ಸುಮ್ಮನಿರಲಾಗಲಿಲ್ಲ.

ಹಳೇ ಮೈಸೂರಿನ ಪತ್ರಗಳಲ್ಲಿ ಗಂಡಸಿಗೆ ‘ಬಿನ್’, ಹೆಂಗಸಿಗೆ ‘ಕೋಂ’. ಇಂಥವನ ಮಗ, ಇಂಥವನ ಹೆಂಡತಿ. ಈಗಲೂ ಪಹಣಿಯಲ್ಲಿ ನೋಡುತ್ತೀರಿ. ಎಲ್ಲರೂ ಬಿನ್ ಹಿಂದೆ ಹೋಗುತ್ತಾರೆ. ನೀವು ಕೋಂ ಹಿಂದೆ ಹೋಗಿ.

ಇನ್ನೊಂದು ಮಾತು. ಚೆನ್ನಾಗಿ ನಡೆಯುತ್ತಿದ್ದ ಸಂಸಾರದ ಹೆಂಗಸು ಕಾಗದದ ಮೇಲೆ ಬರುವುದೇ ಇಲ್ಲ. ಗಂಡ ಬದುಕಿದ್ದು, ಸಾಲ ಇಲ್ಲದೆ, ಮಕ್ಕಳು ಜಗಳ ಆಡದೆ ಇದ್ದರೆ ಅವಳ ಹೆಸರು ಯಾರಿಗೂ ಬೇಕಾಗಿರಲಿಲ್ಲ. ಸಾವು, ಸಾಲ, ಪಾಲು. ಈ ಮೂರು ಬಂದಾಗಲೇ ಬರೆಯುವವನು ತಲೆಯೆತ್ತಿ “ನಿನ್ನ ಹೆಸರೇನಮ್ಮಾ?” ಅಂತ ಕೇಳುತ್ತಿದ್ದುದು. ನಿಮ್ಮ ಮುತ್ತಜ್ಜಿಗೆ ಮೂರೂ ಬಂದಿವೆ. ಕಷ್ಟ ಪಟ್ಟಿದ್ದಾರೆ, ಹಾಗಾಗಿ ಸಿಗುತ್ತಾರೆ.

ಬಾವಿ ತೋಡಿಸಲು ದುಡ್ಡು ಬೇಕು. ಕಲ್ಲು ಕಟ್ಟಡದ ಬಾವಿ ಅಂದರೆ ಆ ಕಾಲಕ್ಕೆ ಸಣ್ಣ ಖರ್ಚಲ್ಲ. ಗಂಡ ಸತ್ತ ಹೆಂಗಸಿಗೆ ಕೈಸಾಲ ಯಾರು ಕೊಡುತ್ತಾರೆ? ಹೊಲದ ಒಂದು ಭಾಗ ಭೋಗ್ಯಕ್ಕೆ ಹಾಕಿರಬೇಕು. ಆದರೆ ಜಮೀನು ಮಕ್ಕಳದ್ದು. ಮಕ್ಕಳು ಚಿಕ್ಕವರು. ಹಾಗಾಗಿ ಪತ್ರ ‘ಮೈನರ್ ಮಕ್ಕಳ ಗಾರ್ಡಿಯನ್ ತಾಯಿ’ ಅಂತ ಆಗಿರುತ್ತದೆ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಎರಡು ಇಂಡೆಕ್ಸ್ ಇರುತ್ತವೆ. ಒಂದನೆಯದು ಜನರ ಹೆಸರಿನದು, ಎರಡನೆಯದು ಸ್ವತ್ತಿನದು. ನಿಮಗೆ ಹೆಸರು ಗೊತ್ತಿಲ್ಲ, ಆದ್ದರಿಂದ ಎರಡನೆಯದರಲ್ಲಿ ಊರು ಹಿಡಿದು ಹುಡುಕಬೇಕು. ಕಂಪ್ಯೂಟರಿನಲ್ಲಿ ಅಷ್ಟು ಹಳೆಯದು ಸಿಗುವುದಿಲ್ಲ. ಕೈಯಲ್ಲೇ ಹುಡುಕಬೇಕು. ಧೂಳಿಗೆ ಮೂಗಿಗೊಂದು ಬಟ್ಟೆ ಕಟ್ಟಿಕೊಂಡು ಹೋಗಿ.

ಕಲ್ಲು ಓದುವವಳು (ಕೋಲಾರ):

ಬಿಕ್ಕಲಂ ಸರ್ ಹೇಳಿದ ‘ಸಾವು, ಸಾಲ, ಪಾಲು’ ನಾನು ಬರೆದಿಟ್ಟುಕೊಂಡೆ. ಶಾಸನಗಳಲ್ಲಿ ಇದಕ್ಕೆ ‘ದಾನ’ ಅಂತ ಒಂದು ಸೇರಿಸಬೇಕು.

ನಂದಿಯ ಭೋಗನಂದೀಶ್ವರ ದೇವಸ್ಥಾನಕ್ಕೆ ಎಲ್ಲರೂ ಹೋಗಿರುತ್ತೀರಿ. ಭಾನುವಾರ ಬೆಂಗಳೂರಿನ ಕಾರುಗಳಿಂದ ಜಾಗವೇ ಇರುವುದಿಲ್ಲ. ಅಲ್ಲಿ ಶಿವಾಲಯ ಕಟ್ಟಿಸಿದ್ದು ರತ್ನಾವಳಿ, ಬಾಣರ ದೊರೆಯ ರಾಣಿ. ಒಂಬತ್ತನೇ ಶತಮಾನದ ಶುರುವಿನ ಮಾತು. ಫೋಟೋ ತೆಗೆಯುವವರು ಗಂಗರು, ಚೋಳರು, ಹೊಯ್ಸಳರು, ವಿಜಯನಗರದವರು ಅಂತ ಪಟ್ಟಿ ಹೇಳುತ್ತಾರೆ. ರತ್ನಾವಳಿಯ ಹೆಸರು ಎಷ್ಟು ಜನರ ಬಾಯಲ್ಲಿ ಬರುತ್ತದೆ? ಅವಳದು ದಾಖಲೆಯಲ್ಲಿ ಇದ್ದೂ ಕಳೆದುಹೋದ ಹೆಸರು.

ನನ್ನನ್ನು ಜಾಸ್ತಿ ಕಾಡುವುದು ಮಾಲೂರು ತಾಲೂಕಿನ ಮಾಸ್ತಿ. ಮಹಾಸತಿ ಅನ್ನುವುದೇ ಬಾಯಿಯಿಂದ ಬಾಯಿಗೆ ಸವೆದು ಮಾಸ್ತಿ ಆಯಿತು. ಗಂಡನ ಜೊತೆ ಸುಟ್ಟುಹೋದ ಒಬ್ಬ ಹೆಂಗಸಿನಿಂದ ಊರಿಗೆ ಊರೇ ಹೆಸರು ಪಡೆಯಿತು. ಆ ಹೆಂಗಸಿನ ಹೆಸರು ಮಾತ್ರ ಯಾರಿಗೂ ಗೊತ್ತಿಲ್ಲ. ನಮ್ಮ ಕಡೆ ಹೊಲದ ಬದುಗಳಲ್ಲಿ ಮಾಸ್ತಿಕಲ್ಲು ಎಷ್ಟೋ ಇವೆ. ಮೇಲೆತ್ತಿದ ಒಂದು ಕೈ, ಕೈತುಂಬ ಬಳೆ, ಮೇಲೆ ಸೂರ್ಯ ಚಂದ್ರ. ಬಳೆ ಎಷ್ಟು ಅಂತ ಎಣಿಸಬಹುದು, ಅಷ್ಟು ಚೆನ್ನಾಗಿ ಕೆತ್ತಿರುತ್ತಾರೆ. ಅಕ್ಷರ ಇರುವುದು ಅಪರೂಪ. ಕಲ್ಲುಕುಟಿಗನಿಗೆ ಬಳೆ ಮುಖ್ಯವಾಯಿತು.

ನಿಮ್ಮ ತಾಲೂಕಿನ ಶಾಸನ ನೋಡಬೇಕಾದರೆ ಎಪಿಗ್ರಾಫಿಯಾ ಕರ್ನಾಟಿಕಾದ ಹತ್ತನೇ ಸಂಪುಟ, 1905ರದ್ದು. ಹೆಸರು ಕೋಲಾರ ಜಿಲ್ಲೆ ಅಂತ ಇರುತ್ತದೆ, ಗಾಬರಿಯಾಗಬೇಡಿ. ಚಿಕ್ಕಬಳ್ಳಾಪುರ ಜಿಲ್ಲೆ ಆಗಿದ್ದೇ 2007ರಲ್ಲಿ. ತುಮಕೂರಿನದು ಹನ್ನೆರಡನೇ ಸಂಪುಟ. ನಿಮ್ಮ ಮುತ್ತಜ್ಜಿ ಅದರಲ್ಲಿ ಸಿಗುವುದಿಲ್ಲ, ನಿಜ. ಬಾವಿಗೆ ಹಳೇ ಕಥೆ ಏನಾದರೂ ಇದ್ದರೆ ಸಿಗಬಹುದು.

ನೇರ ಮಾತು:

ನೋಡಿ, ಸುತ್ತಿ ಬಳಸಿ ರಾಣಿಗೇ ಬಂದಿರಿ. ನಾನು ಹೇಳಿದ್ದೂ ಅದೇ.

ಕಲ್ಲು ಓದುವವಳು:

ಸರ್, ಒಪ್ಪಿದೆ. ಹಾಗಾದರೆ ರಾಣಿಯಲ್ಲದವರನ್ನು ಹುಡುಕುವ ಇವರಿಗೆ ನೀವು ಜಾಸ್ತಿ ಸಹಾಯ ಮಾಡಬೇಕು ಅಲ್ವಾ?

ಚಾಂಪಿಯನ್ ರೀಫ್ ಹುಡುಗ (ಕೆ.ಜಿ.ಎಫ್.):

ನಮ್ಮ ಪಾಟಿ, ಅಂದರೆ ಅಪ್ಪನ ಅಮ್ಮ, ಗಣಿಯ ಮೇಲ್ಗಡೆ ಕೆಲಸ ಮಾಡಿದವರು. ಕಲ್ಲು ಆರಿಸುವುದು, ಹೊರುವುದು. ಇಲ್ಲಿಯ ಚಿನ್ನದ ಗಣಿ ಅಂದರೆ ಜಾನ್ ಟೇಲರ್ ಕಂಪನಿ ಗೊತ್ತು, ಎಷ್ಟು ಆಳ ಅಂತ ಗೊತ್ತು, 1902ರಲ್ಲಿ ಶಿವನಸಮುದ್ರದಿಂದ ಕರೆಂಟ್ ಬಂತು ಅಂತ ಗೊತ್ತು, 2001ರ ಫೆಬ್ರವರಿ 28ಕ್ಕೆ ಮುಚ್ಚಿತು ಅಂತಲೂ ಗೊತ್ತು. ಪಾಟಿ ಎಷ್ಟು ವರ್ಷ ಕೆಲಸ ಮಾಡಿದರು ಅಂತ ನಮ್ಮ ಮನೆಯಲ್ಲೇ ಗೊತ್ತಿಲ್ಲ. ಕಂಟ್ರಾಕ್ಟರ್ ಕೈಕೆಳಗೆ ಇದ್ದವರು. ಕಂಪನಿಯ ಲೆಕ್ಕದಲ್ಲಿ ಕಂಟ್ರಾಕ್ಟರ್ ಹೆಸರು, ಕಂಟ್ರಾಕ್ಟರ್ ಲೆಕ್ಕದಲ್ಲಿ ತಲೆ ಎಷ್ಟು ಅಂತ ಒಂದು ಅಂಕಿ.

1930ರಲ್ಲಿ ಎಲ್ಲರೂ ಬೆರಳಚ್ಚು ಕೊಡಬೇಕು ಅಂದಾಗ ಇಲ್ಲಿ ದೊಡ್ಡ ಮುಷ್ಕರ ಆಯಿತು. ಹೆಬ್ಬೆಟ್ಟು ಕೊಡುವುದಿಲ್ಲ ಅಂತ ಜನ ಎದ್ದು ನಿಂತರು. ಅದು ಸರಿಯಾದ ಸಿಟ್ಟು. ಆದರೂ ಈಗ ನನಗೆ ಒಂದು ಸ್ವಾರ್ಥದ ಯೋಚನೆ ಬರುತ್ತದೆ. ಪಾಟಿಯ ಹೆಬ್ಬೆಟ್ಟಾದರೂ ಎಲ್ಲಾದರೂ ಉಳಿದಿದ್ದರೆ!

ಅಕ್ಕ, ನಿಮ್ಮ ಮುತ್ತಜ್ಜಿಯ ಪಾತ್ರೆಪಗಡಿ ಏನಾದರೂ ಇದೆಯಾ? ನಮ್ಮ ಪಾಟಿ ಹೆಸರು ಒಂದು ಹಿತ್ತಾಳೆ ಕೊಡದ ಕುತ್ತಿಗೆ ಮೇಲೆ ಸಿಕ್ಕಿತು. ತಮಿಳಿನಲ್ಲಿ, ಚುಕ್ಕಿ ಚುಕ್ಕಿ ಹೊಡೆದು ಬರೆದಿದ್ದಾರೆ. ಅಟ್ಟ ನೋಡಿ.

ಚಂದ್ರಿಕೆ (ಶಿಡ್ಲಘಟ್ಟ):

ಪಾತ್ರೆ ವಿಷಯ ನೂರಕ್ಕೆ ನೂರು ನಿಜ. ತವರಿನಿಂದ ಬಂದ ಸಾಮಾನಿನ ಮೇಲೆ ಹೆಸರು ಹೊಡೆಸುತ್ತಿದ್ದರು, ಇಲ್ಲದಿದ್ದರೆ ಮದುವೆ ಮನೆಯಲ್ಲಿ ಬದಲಾಗುತ್ತಿತ್ತು.

ಬಂದದ್ದಕ್ಕೆ ನಮ್ಮ ಕಡೆಯದೂ ಒಂದು ಹೇಳಿಬಿಡುತ್ತೇನೆ. ನಮ್ಮತ್ತೆ ಐವತ್ತು ವರ್ಷ ರೇಷ್ಮೆ ಹುಳ ಸಾಕಿದರು. ಎರಡನೇ ಜ್ವರ, ಮೂರನೇ ಜ್ವರ (ಹುಳ ಪೊರೆ ಬಿಡುವುದಕ್ಕೆ ಹಾಗನ್ನುತ್ತೇವೆ) ಅಂತ ದಿನ ಎಣಿಸಿ, ರಾತ್ರಿ ಎರಡು ಗಂಟೆಗೆ ಎದ್ದು ಸೊಪ್ಪು ಹಾಕಿ, ಹುಳ ಹಣ್ಣಾದ ದಿನ ಊಟ ಬಿಟ್ಟು ಚಂದ್ರಿಕೆಗೆ, ಅಂದರೆ ಗೂಡು ಕಟ್ಟುವ ತಟ್ಟೆಗೆ, ಬಿಟ್ಟವರು ಅವರು. ಗೂಡು ಮಾರ್ಕೆಟ್ಟಿಗೆ ಹೋಗುತ್ತಿದ್ದವರು ಮಾವ. ಚೀಟಿ ಎಲ್ಲ ಮಾವನ ಹೆಸರಲ್ಲಿ. ಒಂದು ಟ್ರಂಕ್ ತುಂಬ ಚೀಟಿ ಇವೆ, ಒಂದರಲ್ಲೂ ಅತ್ತೆ ಇಲ್ಲ. ನಾಳೆ ಯಾರಾದರೂ ಆ ಟ್ರಂಕ್ ನೋಡಿದರೆ ಮಾವ ಎಂಥ ಗೂಡು ಬೆಳೆದರು ಅಂತ ಹೇಳುತ್ತಾರೆ. ಮಾವನಿಗೆ ಹುಳ ಮುಟ್ಟಿದರೆ ಮೈ ಜುಂ ಅನ್ನುತ್ತಿತ್ತು!

ಕಲ್ಪತರು (ತಿಪಟೂರು):

ಹೆಳವರನ್ನು ಕೇಳಿದಿರಾ? ನಮ್ಮ ಮನೆಗೆ ಸುಗ್ಗಿ ಆದ ಮೇಲೆ ಬರುತ್ತಿದ್ದರು. ಎತ್ತಿನ ಮೇಲೆ ಕೂತು ಬಂದು, ಹಳೇ ಪುಸ್ತಕ ಬಿಚ್ಚಿ, ಮೂಲಪುರುಷನಿಂದ ಹಿಡಿದು ವಂಶಾವಳಿ ಹಾಡಿ, ರಾಗಿ ತಗೊಂಡು ಹೋಗುತ್ತಿದ್ದರು. ಒಂದು ಸಲ ನಮ್ಮಜ್ಜಿ ಮೊರದಲ್ಲಿ ರಾಗಿ ಹಿಡಿದುಕೊಂಡೇ ಕೇಳಿದರು, “ಎಲ್ಲಾ ಸರಿ ಕಣಪ್ಪ, ಈ ಮನೆ ಹೆಣ್ಣುಮಕ್ಕಳು ಎಲ್ಲಿ?” ಅವರು, “ಅವರು ಕೊಟ್ಟ ಮನೆ ಪುಸ್ತಕದಲ್ಲಿ ಇರ್ತಾರೆ ತಾಯಿ” ಅಂದರು. ಅಜ್ಜಿ ಬಿಡಲಿಲ್ಲ. “ನಾನು ಈ ಮನೆಗೆ ಬಂದವಳಲ್ವಾ, ನನ್ನ ಓದು ನೋಡೋಣ.” ಹೆಳವ ಪುಟ ತಿರುವಿದ, ಕೆಮ್ಮಿದ, ಕೊನೆಗೆ “ನೀವು ತವರಿನ ಕಡೆ ಇರ್ತೀರಿ” ಅಂದ. ಆ ವರ್ಷ ರಾಗಿ ಒಂದು ಬಳ್ಳ ಕಮ್ಮಿ ಬಿತ್ತು.

ಹಾಗಂತ ಅವರನ್ನು ಬಿಡಬೇಡಿ. ಎರಡು ಮದುವೆ ಆಗಿದ್ದರೆ ಹಿರಿಯವಳ ಮಕ್ಕಳು, ಕಿರಿಯವಳ ಮಕ್ಕಳು ಅಂತ ಬೇರೆ ಮಾಡಲು ಹೆಂಡತಿಯರ ಹೆಸರೂ ಹೇಳುತ್ತಿದ್ದರು.

ಬಿಕ್ಕಲಂ:

ಹೆಳವನೂ ನಮ್ಮ ಹಾಗೇ ನೋಡಿ. ಪಾಲಿನ ಪ್ರಶ್ನೆ ಬಂದರೆ ಮಾತ್ರ ಹೆಂಗಸು ಬೇಕು.

ಪಿನಾಕಿನಿ ದಡದವಳು:

ಎಲ್ಲರಿಗೂ ತುಂಬ ಥ್ಯಾಂಕ್ಸ್. ಹತ್ತು ದಿನ ಆಯಿತು, ಒಂದಷ್ಟು ಓಡಾಡಿದೆ.

ಮೊದಲು ಕಚೇರಿ. ಯಾವ ಕಚೇರಿ ಅಂತ ಹೇಳುವುದಿಲ್ಲ. “ಹೆಸರೇ ಗೊತ್ತಿಲ್ಲದೆ ಯಾರನ್ನ ಹುಡುಕ್ತೀರಮ್ಮಾ?” ಅಂದರು. ಎರಡು ಸಲ ವಾಪಸ್ ಬಂದೆ. ಮೂರನೇ ಸಲ ಬಿಕ್ಕಲಂ ಸರ್ ಬರೆದದ್ದನ್ನು ಪ್ರಿಂಟ್ ಹಾಕಿಕೊಂಡು ಹೋಗಿ ಊರು ಹಿಡಿದು ಎರಡನೇ ಇಂಡೆಕ್ಸ್ ಕೇಳಿದೆ. ಅರ್ಜಿ ತಗೊಂಡಿದ್ದಾರೆ.

ಆಮೇಲೆ ಅಟ್ಟ. ಒಂದು ತಾಮ್ರದ ತಂಬಿಗೆ ಸಿಕ್ಕಿತು. ತಳದಲ್ಲಿ ಮೂರು ಅಕ್ಷರ. ಕನ್ನಡದ ಹಾಗೆ ಕಾಣುತ್ತದೆ, ಓದಲು ಹೋದರೆ ಅರ್ಥವೇ ಆಗುವುದಿಲ್ಲ. ಬರೆದವನಿಗೆ ಅಕ್ಷರ ಬರುತ್ತಿರಲಿಲ್ಲವೋ ಏನೋ. ಫೋಟೋ ಹಾಕಿದ್ದೇನೆ.

ಗಡಿ ದಾಟಿದವನು (ಬಾಗೇಪಲ್ಲಿ):

ಅಕ್ಕಾ, ಬರೆದವನಿಗೆ ಅಕ್ಷರ ಚೆನ್ನಾಗೇ ಬರುತ್ತಿತ್ತು. ಅದು ತೆಲುಗು. ತಲೆಕಟ್ಟು ನೋಡಿ, ರೈಟ್ ಮಾರ್ಕ್ ಹಾಗೆ ಮೇಲಕ್ಕೆ ಹೋಗಿದೆ. ಕನ್ನಡದ ತಲೆಕಟ್ಟು ಅಡ್ಡ ಮಲಗುತ್ತದೆ.

ಹಾಗಾದರೆ ಅವರ ತವರು ಹಿಂದೂಪುರದ ಕಡೆ ಇರಬೇಕು. ನಿಮ್ಮ ಊರಿಂದ ಎಷ್ಟು ದೂರ? ಬಸ್ಸಲ್ಲಿ ಕೂತು ನಿದ್ದೆ ಬರುವುದರೊಳಗೆ ಹಿಂದೂಪುರ ಬರುತ್ತದೆ. ಆದರೆ ಆಗ ಅದು ಮದ್ರಾಸ್ ಪ್ರಾಂತ್ಯದ ಅನಂತಪುರ ಜಿಲ್ಲೆ, ಇದು ಮೈಸೂರು ಸಂಸ್ಥಾನ. ನಮ್ಮ ಕಡೆಯ ಹೆಣ್ಣುಮಕ್ಕಳ ಅರ್ಧ ಬದುಕು ಒಂದು ಸರ್ಕಾರದ ಕಾಗದದಲ್ಲಿ, ಇನ್ನರ್ಧ ಇನ್ನೊಂದರಲ್ಲಿ. ಗಂಡಸು ಹುಟ್ಟಿದ ಊರಲ್ಲೇ ಸಾಯುತ್ತಿದ್ದ, ಒಂದೇ ಕಡೆ ಸಿಗುತ್ತಾನೆ. ಮೂರು ಅಕ್ಷರದಲ್ಲಿ ಮೊದಲನೆಯದು ಇಂಟಿಪೇರು ಇರಬಹುದು, ಅಂದರೆ ತವರಿನ ಮನೆತನದ ಹೆಸರು.

ಚಂದ್ರಿಕೆ:

ಒಂದು ನಿಮಿಷ. ಪಾತ್ರೆ ಮೇಲೆ ಕೊಟ್ಟವರ ಹೆಸರೂ ಇರುತ್ತದೆ. ಮುಯ್ಯಿ ಪಾತ್ರೆ ಆಗಿದ್ದರೆ ಅದು ಯಾವನೋ ಸೋದರಮಾವನ ಹೆಸರು. ಈಗಲೇ ಕುಣಿಯಬೇಡಿ.

ರಂಗದ ಹುಚ್ಚು (ಗುಬ್ಬಿ):

ಓದುತ್ತಾ ಓದುತ್ತಾ ಮೈ ಜುಮ್ಮೆಂದಿತು. ನಾನು ಶಾಲಾ ಮಕ್ಕಳಿಗೆ ನಾಟಕ ಮಾಡಿಸುತ್ತೇನೆ. ಇದನ್ನೊಂದು ಏಕಾಂಕ ಮಾಡೋಣ. ಅವ್ವನಿಗೆ ಒಂದು ಒಳ್ಳೆ ಹೆಸರು ಕೊಟ್ಟರೆ ಆಯಿತು. ಬಾವಿಗೆ ನೀರು ಬಂದ ದಿನ ಊರವರೆಲ್ಲ ತಲೆಬಾಗುವ ದೃಶ್ಯ ಕಣ್ಣ ಮುಂದೆ ಬರುತ್ತಿದೆ.

ಕಲ್ಲು ಓದುವವಳು:

ದಯವಿಟ್ಟು ಈಗಲೇ ಬೇಡ ಸರ್. ನಾಟಕಕ್ಕೆ ನನ್ನ ಅಡ್ಡಿ ಇಲ್ಲ. ಆದರೆ ನಮ್ಮ ಕೆರೆಗಳ ಕಥೆ ನೋಡಿ. ಯಾವ ಊರಿಗೆ ಹೋದರೂ ಏರಿ ನಿಲ್ಲದಿದ್ದಾಗ ಕಿರಿಸೊಸೆಯನ್ನು ಬಲಿ ಕೊಟ್ಟರು ಅನ್ನುತ್ತಾರೆ. ಅದೇ ಕಥೆ, ಅದೇ ಸೊಸೆ. ಆ ಕೆರೆಯ ಮಣ್ಣು ಹೊತ್ತ ನೂರಾರು ಹೆಂಗಸರು ಆ ಒಂದು ಕಥೆಯ ಕೆಳಗೆ ಮುಚ್ಚಿಹೋದರು. ಖಾಲಿ ಜಾಗಕ್ಕೆ ಚಂದದ ಕಥೆ ತುಂಬಿದರೆ ಆಮೇಲೆ ಯಾರೂ ಅಲ್ಲಿ ಅಗೆಯುವುದಿಲ್ಲ. ನಾಟಕ ಆಡಿಸಿ, ಆದರೆ ಅವ್ವನಿಗೆ ಹೆಸರಿಡಬೇಡಿ. ಮಕ್ಕಳು ಮನೆಗೆ ಹೋಗಿ ತಮ್ಮ ಮುತ್ತಜ್ಜಿಯ ಹೆಸರು ಕೇಳಲಿ.

ರಂಗದ ಹುಚ್ಚು:

ಹೆಸರಿಲ್ಲದ ಪಾತ್ರಕ್ಕೆ ಮಾತು ಬರೆಯುವುದು ಎಷ್ಟು ಕಷ್ಟ ಗೊತ್ತಾ ಮೇಡಂ? ಸರಿ, ತಡೆಯುತ್ತೇನೆ.

ಬಿಕ್ಕಲಂ:

ಹೆಸರು ಹೇಳುವುದರ ಬಗ್ಗೆ ಒಂದು ನೆನಪಾಯಿತು. 1951–52ರ ಮೊದಲ ಮಹಾಚುನಾವಣೆಗೆ ಮತದಾರರ ಪಟ್ಟಿ ಮಾಡುವಾಗ ಎಷ್ಟೋ ಹೆಂಗಸರು ತಮ್ಮ ಹೆಸರು ಹೇಳಲಿಲ್ಲ. ಇಂಥವರ ಹೆಂಡತಿ, ಇಂಥವರ ತಾಯಿ ಅಂತಲೇ ಬರೆಸಿದರು. ಚುನಾವಣಾ ಆಯೋಗ ಒಪ್ಪಲಿಲ್ಲ. ಸುಮಾರು 28 ಲಕ್ಷ ಹೆಂಗಸರ ನಮೂದು ಪಟ್ಟಿಯಿಂದ ಹೊರಗೆ ಹೋಯಿತು. ಹೆಚ್ಚಿನವರು ಉತ್ತರದ ರಾಜ್ಯಗಳವರು. ಕಠಿಣ ಅನಿಸುತ್ತದೆ. ಆದರೆ ಆ ಆಯೋಗದವರು ಮಣಿದಿದ್ದರೆ ಇವತ್ತಿಗೂ ನಾವು ಕೋಂಗಳನ್ನೇ ಎಣಿಸುತ್ತಿದ್ದೆವೇನೋ.

ಇನ್ನೊಂದು ಕಡೆ ನೋಡಿ ಅಮ್ಮಾ, ವಿಭಾಗಪತ್ರ. 1933ರಲ್ಲಿ ಮೈಸೂರು ಸಂಸ್ಥಾನ ಹಿಂದೂ ಹೆಂಗಸರ ಹಕ್ಕಿನ ಕಾಯ್ದೆ ತಂದಿತು. ಮನೆ ಪಾಲಾದಾಗ ವಿಧವೆಗೆ, ತಾಯಿಗೆ ಭಾಗ ಸಿಗುವ ಹಾಗಾಯಿತು. ಅಲ್ಲಿಂದಾಚೆಯ ಪತ್ರಗಳಲ್ಲಿ ಹೆಂಗಸರ ಹೆಸರು ಇದ್ದಕ್ಕಿದ್ದಂತೆ ಜಾಸ್ತಿ ಕಾಣುತ್ತದೆ. ಕೊಟ್ಟರೋ ಇಲ್ಲವೋ ಬೇರೆ ಮಾತು, ಬರೆಯಲೇಬೇಕಾಯಿತು.

ನೇರ ಮಾತು:

ಹಿಂದೂ ಉತ್ತರಾಧಿಕಾರ ಕಾಯ್ದೆಗೆ 1994ರ ತಿದ್ದುಪಡಿ ಆದ ಮೇಲೂ ಹಾಗೇ. ಹೆಣ್ಣುಮಕ್ಕಳಿಗೆ ಸಮಪಾಲು ಅಂದರು. ನಮ್ಮ ಮನೆಯಲ್ಲಿ ಮೂವರು ಅಕ್ಕಂದಿರು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿದರು. ಅರಿಶಿನ ಕುಂಕುಮಕ್ಕೆ ಅಂತ ಒಂದೊಂದು ಸೀರೆ ಕೊಟ್ಟೆವು. ನಾನೇ ತಂದಿದ್ದೆ ಸೀರೆ. ನಮ್ಮ ಮನೆ ಪತ್ರಗಳಲ್ಲಿ ಅಕ್ಕಂದಿರ ಹೆಸರು ಇರುವುದು ಅದೊಂದೇ ಕಡೆ. ಬೇಡ ಅಂದ ಕಡೆ.

ಇದನ್ನು ಇಲ್ಲಿ ಯಾಕೆ ಬರೆದೆನೋ ಗೊತ್ತಿಲ್ಲ.

ಚಂದ್ರಿಕೆ:

ಬರೆದಿದ್ದು ಒಳ್ಳೆಯದಾಯಿತು ಅಣ್ಣ.

ಪಿನಾಕಿನಿ ದಡದವಳು:

ಸಿಕ್ಕಿತು.

ಭೋಗ್ಯಪತ್ರ. ಬಿಕ್ಕಲಂ ಸರ್ ಹೇಳಿದ ಹಾಗೇ, ಅಕ್ಷರಕ್ಕೆ ಅಕ್ಷರ. ಮೂವರು ಮಕ್ಕಳ ಹೆಸರು, ‘ಮೈನರ್’, ಆಮೇಲೆ ‘ಗಾರ್ಡಿಯನ್ ತಾಯಿ’, ಆಮೇಲೆ ಅವಳ ಹೆಸರು, ಆಮೇಲೆ ‘ಕೋಂ’, ಆಮೇಲೆ ಮುತ್ತಾತ. ಕೊನೆಯಲ್ಲಿ ಎಡಗೈ ಹೆಬ್ಬೆಟ್ಟು ಅಂತ ಬರೆದು, ಪಕ್ಕದಲ್ಲಿ ಮತ್ತೆ ಅವಳ ಹೆಸರು. ನಕಲು ಪ್ರತಿಯಾದ್ದರಿಂದ ಹೆಬ್ಬೆಟ್ಟು ಕಾಣುವುದಿಲ್ಲ. ತಂಬಿಗೆಯ ಎರಡನೇ ಅಕ್ಷರ ಅವಳದೇ. ಮೊದಲನೆಯದು ಯಾರದು ಅಂತ ಹಿಂದೂಪುರಕ್ಕೆ ಹೋಗಿ ಕೇಳಬೇಕು.

ಹೆಸರನ್ನು ಇಲ್ಲಿ ಹಾಕುವುದಿಲ್ಲ, ಬೇಜಾರಾಗಬೇಡಿ. ದೊಡ್ಡಪ್ಪನಿಗೆ ಮೊದಲು ಹೇಳಬೇಕಿತ್ತು. ನಿನ್ನೆ ಸಂಜೆ ಹೋಗಿ ಹೇಳಿದೆ. ಎರಡು ಸಲ ಹೇಳಿಸಿಕೊಂಡರು. ಮೂರನೇ ಸಲ ತಾವೇ ಹೇಳಿದರು, ಮೆಲ್ಲಗೆ, ಹಿರಿಯರ ಹೆಸರು ಹಿಡಿದು ಕರೆದರೆ ತಪ್ಪೇನೋ ಅನ್ನುವ ಹಾಗೆ.

ಈಗ ಕೇಳಿ. ಸಾಲ ಬಾವಿಗಲ್ಲ. ‘ಮೃತ ಗಂಡನ ಸಾಲ ತೀರಿಸುವ ಬಗ್ಗೆ’ ಅಂತ ಪತ್ರದಲ್ಲಿ ಸ್ಪಷ್ಟ ಇದೆ. ಮುತ್ತಾತನಿಗೆ ಸಾಲ ಇತ್ತು ಅನ್ನುವುದು ನಮ್ಮ ಮನೆಯ ಯಾವ ಕಥೆಯಲ್ಲೂ ಇಲ್ಲ. ಕೆಳಗೆ ಚೆಕ್ಕುಬಂದಿ ಓದುತ್ತಾ ಬಂದೆ. ಪೂರ್ವಕ್ಕೆ ಇಂಥವರ ಹೊಲ, ದಕ್ಷಿಣಕ್ಕೆ ಓಣಿ, ಉತ್ತರಕ್ಕೆ ಸರ್ಕಾರಿ ಕಟ್ಟೆ. ಪಶ್ಚಿಮಕ್ಕೆ ‘ಅವ್ವನ ಬಾವಿ’.

ಅಂದರೆ ಆಗಲೇ ಬಾವಿ ಇತ್ತು. ಆಗಲೇ ಅದಕ್ಕೆ ಆ ಹೆಸರೂ ಇತ್ತು.

ಚಾಂಪಿಯನ್ ರೀಫ್ ಹುಡುಗ:

ಅಯ್ಯೋ! ಹಾಗಾದರೆ ಬಾವಿ ತೋಡಿಸಿದ ಅವ್ವ ಯಾರು?

ರಂಗದ ಹುಚ್ಚು:

ಏಕಾಂಕ ಬರೆಯದೆ ಇದ್ದದ್ದು ಒಳ್ಳೆಯದಾಯಿತು.

ಬಿಕ್ಕಲಂ:

ಅವರ ಅತ್ತೆ ಇರಬಹುದು, ಅತ್ತೆಯ ಅತ್ತೆಯೂ ಇರಬಹುದು. ಪತ್ರದಲ್ಲಿ ತೀರಿಸಿದ ಸಾಲದ ವಿವರ ಇರುತ್ತದೆ. ಹಿಂದಿನ ಪತ್ರದ ನಂಬರು ಹಾಕಿದ್ದಾರಾ ನೋಡಿ ಅಮ್ಮಾ. ಇದ್ದರೆ ಅಲ್ಲಿಂದ ಹಿಂದಕ್ಕೆ ಒಂದೊಂದೇ ಪತ್ರ ಹೋಗಬೇಕು. ಇಲ್ಲದಿದ್ದರೆ ನಿಮ್ಮ ಊರಿನ ಹಳೇ ಶಾನುಭೋಗರ ಮನೆ ಇದೆಯಾ ವಿಚಾರಿಸಿ. ಹುದ್ದೆ ಹೋದರೂ ಕೆಲವು ಮನೆಗಳಲ್ಲಿ ಕಡತ ಅಟ್ಟದ ಮೇಲೇ ಉಳಿದಿರುತ್ತವೆ.

ಪಿನಾಕಿನಿ ದಡದವಳು:

ನಂಬರು ಇದೆ ಸರ್. ಸೋಮವಾರ ಮತ್ತೆ ಹೋಗುತ್ತೇನೆ. ಈ ಸಲ ದೊಡ್ಡಪ್ಪನೂ ಬರುತ್ತಾರಂತೆ, ಕೋಲು ಹಿಡಿದುಕೊಂಡು.